ಒಂಬತ್ತು ಕಿಲೋ ನಾನೂರು

ಶಿವಬಸವ ನಗರ, ಬೆಳಗಾವಿ
18 ಸೆಪ್ಟೆಂಬರ್ 2024

ಪ್ರೀತಿಯ ಸತ್ಯವ್ವಾ,

ಇವತ್ತು ನಮ್ಮಲ್ಲಿ ಕ್ಷಮಾವಣಿ. ದಶಲಕ್ಷಣ ಪರ್ವ ಮುಗಿದ ಮೇಲೆ, ಯಾರ ಮನಸ್ಸು ನೋಯಿಸಿದ್ದೇವೋ ಅವರ ಹತ್ತಿರ ಕ್ಷಮೆ ಕೇಳುವ ದಿನ. ನಿನಗೆ ಗೊತ್ತಿದ್ದದ್ದೇ. ಖಾನಾಪುರದ ಶಾಲೆಯಲ್ಲಿ ನಾನು ಬಸದಿಯಿಂದ ನೇರ ಬಂದು, ನಿನ್ನ ಪಾಟಿ ಒಡೆದದ್ದಕ್ಕೆ ಕ್ಷಮೆ ಕೇಳಿದರೆ ನೀನು ‘ಮೊದಲ ಪಾಟಿ ಕೊಡಸ, ಆಮ್ಯಾಲ ಕ್ಷಮಾ’ ಅಂದಿದ್ದೆ. ಈಗ ಎಲ್ಲರೂ ಒಂದೇ ಚಿತ್ರವನ್ನು ಫೋನಿನಲ್ಲಿ ಊರಿಗೆಲ್ಲ ಹಂಚುತ್ತಾರೆ. ನಮ್ಮ ಯಜಮಾನರು ಬಾಹುಬಲಿಯವರು ಚಹಾ ಕುಡಿಯುವುದರೊಳಗೆ ಮುನ್ನೂರ ಹತ್ತು ಜನರ ಹತ್ತಿರ ಕ್ಷಮೆ ಕೇಳಿ ಮುಗಿಸಿ, ಎಷ್ಟು ಮಂದಿ ಉತ್ತರ ಕೊಟ್ಟರು ಎಂದು ಎಣಿಸುತ್ತ ಕೂತಿದ್ದಾರೆ.

ನಿನಗೆ ಮಾತ್ರ ಕೈಯಿಂದಲೇ ಬರೆಯಬೇಕು ಅನ್ನಿಸಿತು. ಹನ್ನೊಂದು ವರ್ಷದ ಹಿಂದೆ ನೀನು ನಮ್ಮ ಮನೆಗೆ ಬಂದಾಗ ಅತ್ತೆ ನಿನಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟರು. ನಾನು ನೋಡಿದೆ, ಸುಮ್ಮನಿದ್ದೆ. ನೀನು ಆ ಲೋಟ ತೊಳೆದಿಟ್ಟು ಹೋದವಳು ಮತ್ತೆ ಬರಲಿಲ್ಲ. ಅತ್ತೆ ಈಗಲೂ ಇದ್ದಾರೆ, ಲೋಟವೂ ಇದೆ. ಕ್ಷಮಿಸು ಅಂತ ಕೇಳುವುದಕ್ಕೆ ನನಗೆ ಹನ್ನೊಂದು ವರ್ಷ ಬೇಕಾಯಿತು.

ನಿನ್ನ ಗುರುತು ಸಿಕ್ಕದ್ದು ಪಟ್ಟಿಯಿಂದ. ಅಂಗನವಾಡಿಗಳ ಅಂಕಿಅಂಶ ಕೂಡಿಸುವ ಕಚೇರಿಯಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಎಷ್ಟು ಮಕ್ಕಳನ್ನು ತೂಗಿದರು, ತೂಕ ತೀರ ಕಡಿಮೆಯಿದ್ದ ಕೆಂಪು ಮಕ್ಕಳೆಷ್ಟು, ಹಳದಿ ಎಷ್ಟು, ತೂಕ ಸರಿಯಿದ್ದ ಹಸಿರು ಎಷ್ಟು ಅಂತ ಲೆಕ್ಕ ಹಾಕಿ ಪ್ರತಿ ಸೋಮವಾರ ಕೇಂದ್ರಗಳಿಗೆ ಸ್ಥಾನ ಕೊಡುವುದು ನನ್ನ ಕೆಲಸ. ಮೊನ್ನೆ ಕಣ್ಣಿಗೆ ಬಿತ್ತು: ಕರಿಕಟ್ಟಿ, ಕಾರ್ಯಕರ್ತೆ ಸತ್ಯವ್ವ, ಸ್ಥಾನ ಇನ್ನೂರ ಹನ್ನೆರಡು. ಮನೆಯಲ್ಲೂ ಅದೇ ಹಾಡು. ಮಗಳು ಸಮೃದ್ಧಿಗೆ ಕೋಚಿಂಗಿನಲ್ಲಿ ರವಿವಾರ ಪರೀಕ್ಷೆ, ಸೋಮವಾರ ಸ್ಥಾನ. ಹೋದ ವಾರ ನಲವತ್ತೊಂದರಿಂದ ಐವತ್ತಕ್ಕೆ ಇಳಿದಳು ಅಂತ ಎರಡು ದಿನ ಊಟ ಬಿಟ್ಟಳು. ಪರ್ವದ ಉಪವಾಸ ಮಾಡಿದಳು ಎಂದುಕೊಂಡು ಅತ್ತೆ ಖುಷಿಪಟ್ಟರು.

ಒಂದು ಸಾಲಾದರೂ ಬರಿ.

ಪಾಟಿಯ ಸಾಲ ಇನ್ನೂ ತೀರಿಸದ
ಜಿನಮತಿ


ಕರಿಕಟ್ಟಿ, ಅಂಚೆ ಗುಂಜಿ
6 ಅಕ್ಟೋಬರ್ 2024

ಜಿನ್ನೂ,

ನಿನ್ನ ಪತ್ರ ತಂದ ಅಂಚೆಯವನ ಮುಖ ಸಪ್ಪಗಿತ್ತು. ‘ನೋಟೀಸ ಏನ್ರಿ ಅಕ್ಕಾರ?’ ಅಂದ. ಈಗೀಗ ನನಗೆ ಬರುವ ಕಾಗದ ಅಂದರೆ ಅದೊಂದೇ.

ಲೋಟದ ವಿಷಯ ಮರೆತೆ ಅಂದರೆ ಸುಳ್ಳಾಗುತ್ತದೆ. ಆದರೆ ನಿಮ್ಮತ್ತೆಯ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ಅಷ್ಟು ಹೇಳಿದರೆ ನಿನಗೆ ತಿಳಿಯುತ್ತದೆ. ಇರಲಿ. ಪತ್ರ ಓದಿ ಅಳುವುದು, ನಗುವುದು ಎರಡೂ ಆಯಿತು.

ಇನ್ನೂರ ಹನ್ನೆರಡು ಅಂದರೆ ಮೇಲಿನಿಂದಲೋ ಕೆಳಗಿನಿಂದಲೋ? ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆದದ್ದಕ್ಕೆ ಒಂದು ಫೋಟೋ, ಮಕ್ಕಳು ಕೂತದ್ದಕ್ಕೆ ಒಂದು, ಮೊಟ್ಟೆ ತಿಂದದ್ದಕ್ಕೆ ಒಂದು. ಈ ವಾಡೆಯಲ್ಲಿ, ಕಾಡಂಚಿನ ಈ ಪುಟ್ಟ ಊರಿನಲ್ಲಿ, ನೆಟ್‌ವರ್ಕ್ ಇಲ್ಲ. ಸಂಜೆ ನಾಲ್ಕು ಕಿಲೋಮೀಟರ್ ನಡೆದು ಗುಂಜಿ ರೈಲು ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಮೇಲಕ್ಕೆ ಕಳಿಸುತ್ತೇನೆ. ಮಕ್ಕಳಿಗೆ ಹಾಡು ಕಲಿಸಿ ಎಷ್ಟು ತಿಂಗಳಾಯಿತೋ. ಹಾಡಿಗೆ ಕಾಲಂ ಇಲ್ಲ.

ನನ್ನ ಸ್ಥಾನ ಕೆಳಗಿರುವುದಕ್ಕೆ ಕಾರಣ ಒಬ್ಬಳೇ: ಪೂರ್ಣಿಮಾ. ಕೇಂದ್ರದಲ್ಲಿ ಇಪ್ಪತ್ಮೂರು ಮಕ್ಕಳು, ಇಪ್ಪತ್ತೆರಡು ಮಕ್ಕಳ ತೂಕವಾಗುತ್ತದೆ. ಡಿಸೆಂಬರಿಗೆ ಎರಡು ವರ್ಷ ತುಂಬುವ ಈ ಹುಡುಗಿಯದು ಮಾತ್ರ ಆಗುವುದಿಲ್ಲ. ಅವಳ ಅಜ್ಜಿ ಕಾಡವ್ವ ಬಿಡುವುದಿಲ್ಲ. ನಮ್ಮ ಕುರಿ ಕಾಯುವ ಮಂದಿಯ ಸಂಗತಿ ನಿನಗೆ ಹೊಸದಲ್ಲ. ಕೊಕ್ಕೆಗೆ ತೂಗಿಬಿಡುವ ತಕ್ಕಡಿ ಅಂದರೆ ಕಸಾಯಿಯ ತಕ್ಕಡಿ. ‘ಸಂತ್ಯಾಗ ಕೊಕ್ಕಿಗೆ ಏರಿದ ಮರಿ ಹೊಳ್ಳಿ ಮನಿಗೆ ಬಂದದ್ದು ನೋಡೀಯೇನ ಸತ್ಯವ್ವಾ? ನನ್ನ ಮೊಮ್ಮಗಳ್ನ ಕೊಕ್ಕಿಗೆ ಹಾಕಾಕ ನಾ ಕೊಡಾಂಗಿಲ್ಲ’ ಅನ್ನುತ್ತಾಳೆ. ನಾನೂ ಅದೇ ಮಂದಿಯ ಹೊಟ್ಟೆಯಲ್ಲಿ ಹುಟ್ಟಿದವಳು, ಏನಂತ ಜಗಳಾಡಲಿ?

ಪೂರ್ಣಿಮಾ ಮೊಟ್ಟೆಯ ಹಳದಿ ಅಷ್ಟೇ ತಿಂದು ಬಿಳಿಯದನ್ನು ನಾಯಿಮರಿಗೆ ಹಾಕುತ್ತಾಳೆ. ಎಲ್ಲದಕ್ಕೂ ‘ಮ್ಯಾ’ ಅನ್ನುತ್ತಾಳೆ. ಆಡಿಗೂ ಮ್ಯಾ, ನನಗೂ ಮ್ಯಾ, ರೈಲಿಗೂ ಮ್ಯಾ. ತಾಯಿ ಲಕ್ಷ್ಮೀ ಮತ್ತೆ ಬಸುರಿ, ಹಾಲು ಬಿಡಿಸಿದ್ದಾಳೆ. ನನ್ನ ಕಣ್ಣಿಗೆ ಹುಡುಗಿ ಸೊರಗಿದ್ದಾಳೆ. ಆದರೆ ಕಣ್ಣಿಗೂ ಕಾಲಂ ಇಲ್ಲವಲ್ಲ.

ಬರೆಯುತ್ತಿರು.

ಸತ್ಯವ್ವ


ಶಿವಬಸವ ನಗರ
4 ನವೆಂಬರ್ 2024

ಸತ್ಯಾ,

ನಿನ್ನ ಪೂರ್ಣಿಮಾಳನ್ನು ನಾನು ಕಂಪ್ಯೂಟರಿನಲ್ಲಿ ಹುಡುಕಿದೆ. ಅವಳ ಹೆಸರಿನ ಮುಂದೆ ಖಾಲಿ ಮನೆ. ಖಾಲಿ ಮನೆಯನ್ನು ಕಂಡರೆ ನಮ್ಮ ಸಾಹೇಬರಿಗೆ ಮೈ ಉರಿಯುತ್ತದೆ. ಕೆಂಪಿದ್ದರೂ ಸಹಿಸುತ್ತಾರೆ, ಖಾಲಿ ಸಹಿಸುವುದಿಲ್ಲ. ಜನವರಿ ಕೊನೆಯವರೆಗೆ ಜಿಲ್ಲೆಗಳ ಮೌಲ್ಯಮಾಪನವಿದೆ. ಒಂದು ಮಗು ಬಿಟ್ಟುಹೋದರೆ ಕೇಂದ್ರ ಕೆಳಗೆ, ಕೇಂದ್ರದಿಂದ ತಾಲ್ಲೂಕು ಕೆಳಗೆ, ತಾಲ್ಲೂಕಿನಿಂದ ಜಿಲ್ಲೆ ಕೆಳಗೆ. ಆಮೇಲೆ ಬೈಗುಳ ಮೇಲಿನಿಂದ ಇಳಿಯುತ್ತ ಇಳಿಯುತ್ತ ನಿನ್ನ ತಲೆಗೇ ಬರುತ್ತದೆ.

ಕೊಕ್ಕೆ ಬೇಡವಾದರೆ ಬಿಡು. ನಿಂತು ತೂಗುವ ಯಂತ್ರ ನಿನ್ನ ಹತ್ತಿರ ಇದೆಯಲ್ಲ? ಅಜ್ಜಿ ಮೊದಲು ಮಗುವನ್ನು ಎತ್ತಿಕೊಂಡು ನಿಲ್ಲಲಿ, ಆಮೇಲೆ ಮಗುವನ್ನು ಕೊಟ್ಟು ಒಬ್ಬಳೇ ನಿಲ್ಲಲಿ. ಅದರಲ್ಲಿ ಇದನ್ನು ಕಳೆ. ತೂಗಿದ್ದು ಅಜ್ಜಿಯನ್ನು, ಮಗುವನ್ನಲ್ಲ ಅಂತ ಹೇಳು. ಸುಳ್ಳೇನೂ ಅಲ್ಲ.

ಬಾಹುಬಲಿಯವರ ಕೈಗಡಿಯಾರ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಕೇಳುತ್ತದೆ. ನಿನ್ನೆ ಇನ್ನೂರು ಕಡಿಮೆ ಬಿದ್ದವು ಅಂತ ಊಟದ ತಟ್ಟೆ ಬಿಟ್ಟೆದ್ದು ಪಡಸಾಲೆಯಲ್ಲಿ ಸುತ್ತಿದರು. ನಾನು ನಗಲಿಲ್ಲ. ನಾನೂ ಕಚೇರಿಯಲ್ಲಿ ಅಂಥದೇ ಗಾಣದ ಎತ್ತು.

ಮಗುವನ್ನು ತೂಗಿದೊಡನೆ ಬರಿ.

ಜಿನ್ನು


ಕರಿಕಟ್ಟಿ
3 ಡಿಸೆಂಬರ್ 2024

ಜಿನ್ನೂ,

ಆಯಿತು! ಕಾಡವ್ವ ಯಂತ್ರ ಹತ್ತಿದಳು. ಮೂರು ದಿನ ಬೆನ್ನು ಹತ್ತಿ, ಎಲೆ ಅಡಿಕೆ ಕೊಟ್ಟು, ನಿನ್ನ ಉಪಾಯ ಹೇಳಿದೆ. ‘ನನ್ನ ತೂಗ್ತೀಯೇನು? ತೂಗವಾ, ಈ ಮುದಿ ಕುರಿನ ಯಾವ ಕಸಾಯಿ ಒಯ್ತಾನ?’ ಅಂತ ನಕ್ಕು ಒಪ್ಪಿದಳು.

ಬೆಳಗಿನ ಚಳಿ ಎಲುಬಿಗೆ ನಾಟುತ್ತಿತ್ತು. ಪೂರ್ಣಿಮಾಳನ್ನು ಎದೆಗೆ ಅವುಚಿಕೊಂಡು ನಿಂತಳು: ಐವತ್ತೈದು ಕಿಲೋ ಇನ್ನೂರು. ಮಗುವನ್ನು ಲಕ್ಷ್ಮೀ ಕೈಗೆ ಕೊಟ್ಟು ಒಬ್ಬಳೇ ನಿಂತಳು: ನಲವತ್ತೈದು ಎಂಟುನೂರು. ಕಳೆದರೆ ಒಂಬತ್ತು ಕಿಲೋ ನಾನೂರು. ಫೋನಿನಲ್ಲಿ ಒತ್ತಿದೆ. ಹಸಿರು ಬಂತು.

ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಹುಡುಗಿ ಸೊರಗಿದ್ದಾಳೆ ಅಂತ ನಾನು ಇಷ್ಟು ದಿನ ಒಳಗೊಳಗೇ ಕೊರಗುತ್ತಿದ್ದೆ. ನನ್ನ ಕಣ್ಣೇ ತಪ್ಪು, ಯಂತ್ರ ಸುಳ್ಳು ಹೇಳುತ್ತದೆಯೇ ಅಂತ ಸಮಾಧಾನವಾಯಿತು. ಅವಳಿಗೆಂದು ದಿನಾ ಮನೆಯಿಂದ ಒಯ್ಯುತ್ತಿದ್ದ ಹಾಲನ್ನು ಈ ವಾರದಿಂದ ಬೇರೊಂದು ಹಳದಿ ಮಗುವಿಗೆ ಕೊಡುತ್ತಿದ್ದೇನೆ.

ನಾನು ಸ್ಟೇಷನ್ನಿನಲ್ಲಿ ಇರುವ ಹೊತ್ತಿಗೇ ಮೇಲ್ವಿಚಾರಕಿಯವರು ಫೋನ್ ಮಾಡಿ ‘ಶಾಭಾಸ್ ಸತ್ಯವ್ವಾ, ನೂರಕ್ಕ ನೂರು’ ಅಂದರು. ಹದಿನೇಳು ವರ್ಷದ ನೌಕರಿಯಲ್ಲಿ ಮೊದಲನೇ ಶಾಭಾಸ್. ಈ ಸೋಮವಾರ ನಾನು ಎಷ್ಟನೆಯವಳು, ನೋಡಿ ಬರಿ. ನನಗೂ ಚಟ ಹತ್ತಿತು ನೋಡು.

ನಿನ್ನ ಸತ್ಯಾ


ಕರಿಕಟ್ಟಿ
4 ಜನವರಿ 2025

ಜಿನಮತಿ,

ಈ ಪತ್ರ ಕೈಗೆ ಸಿಕ್ಕ ದಿನವೇ ಉತ್ತರ ಬರೆದು ಹಾಕು. ನಿನ್ನ ಫೋನ್ ನಂಬರ್ ನನ್ನ ಹತ್ತಿರ ಇಲ್ಲ, ಇದ್ದರೂ ಇದು ಸ್ಟೇಷನ್ನಿನ ಕಟ್ಟೆಯ ಮೇಲೆ ನಾಲ್ಕು ಮಂದಿಯ ಎದುರು ಹೇಳುವ ಮಾತಲ್ಲ. ದೊಡ್ಡ ತಪ್ಪಾಗಿದೆ.

ಇವತ್ತು ತೂಕದ ದಿನ. ಬಿಸಿಲು ಏರಿತ್ತು, ಕಾಡವ್ವ ಕಂಬಳಿ ಹೊದ್ದಿರಲಿಲ್ಲ. ಹೋದ ಸಲದಂತೆಯೇ ಮೊದಲು ಮಗುವಿನೊಂದಿಗೆ, ಆಮೇಲೆ ಒಬ್ಬಳೇ ನಿಂತಳು. ಕಳೆದರೆ ಎಂಟು ಕಿಲೋ ಬಂತು. ಯಂತ್ರ ಕೆಟ್ಟಿದೆ ಅಂತ ಮೂರು ಸಲ ತೂಗಿದೆ. ಮೂರು ಸಲವೂ ಎಂಟೇ.

ಆಗ ನೆನಪಾಯಿತು. ಡಿಸೆಂಬರಿನಲ್ಲಿ ಅವಳು ಮಗುವಿನ ಮೇಲೆ ಕಂಬಳಿ ಹೊದ್ದು ನಿಂತಿದ್ದಳು. ಚಳಿ ಅಂತ ಮಗುವನ್ನು ಕಂಬಳಿಯ ಸಮೇತ ಲಕ್ಷ್ಮೀ ಕೈಗೆ ಕೊಟ್ಟಳು. ಆಮೇಲೆ ಕಂಬಳಿಯಿಲ್ಲದೆ ಒಬ್ಬಳೇ ನಿಂತಳು. ನಾನು ಕಳೆದು ಬರೆದದ್ದು ಮಗುವಿನ ತೂಕವಲ್ಲ, ಮಗುವಿನದೂ ಕಂಬಳಿಯದೂ ಕೂಡಿ. ಬೇರೆಯವರಾಗಿದ್ದರೆ ಕಾಣುತ್ತಿತ್ತೇನೋ. ಹುಟ್ಟಿದಾಗಿನಿಂದ ಹೆಗಲ ಮೇಲೆ ಇದ್ದದ್ದು, ಕಂಬಳಿ ನಮಗೆ ಮೈಯ ಚರ್ಮ ಇದ್ದಂತೆ, ಅದಕ್ಕೆ ಭಾರ ಇದೆ ಅಂತಲೇ ನನಗೆ ಹೊಳೆಯಲಿಲ್ಲ. ಈಗ ಅದೊಂದನ್ನೇ ಯಂತ್ರದ ಮೇಲಿಟ್ಟು ನೋಡಿದೆ. ಒಂದು ಕಿಲೋ ನಾನೂರು.

ಎರಡು ತುಂಬಿದ ಮಗುವಿಗೆ ಎಂಟು ಕಿಲೋ ಅಂದರೆ ಕೆಂಪು, ಅದರಲ್ಲೂ ಕಡುಗೆಂಪು. ದವಾಖಾನೆಯ ವಾರ್ಡಿನಲ್ಲಿ ಹದಿನಾಲ್ಕು ದಿನ ಇಟ್ಟುಕೊಂಡು ಔಷಧ ಕೊಟ್ಟು ಉಣ್ಣಿಸಬೇಕು. ಲಕ್ಷ್ಮೀ ದಿನ ತುಂಬುತ್ತಿರುವ ಬಸುರಿ, ಅವಳಿಂದ ಆಗುವುದಿಲ್ಲ. ಆದರೆ ಕಾಡವ್ವನೇ ‘ಹದಿನಾಕ ಯಾಕ, ತಿಂಗಳಾದ್ರೂ ನಾ ಕುಂದರ್ತೀನಿ ನಡಿ’ ಅಂದಿದ್ದಾಳೆ. ವಾರ್ಡಿಗೆ ಸೇರಿಸಲು ಫೋನಿನಿಂದ ಕೆಂಪು ಚೀಟಿ ಹುಟ್ಟಬೇಕು.

ಫೋನು ಎಂಟನ್ನು ತೆಗೆದುಕೊಳ್ಳುತ್ತಿಲ್ಲ. ತೂಕ ಇಳಿದದ್ದು ಯಾಕೆ ಅಂತ ಕೇಳುತ್ತದೆ. ಜ್ವರ, ಭೇದಿ, ಗುಳೆ, ಕಾರ್ಯಕರ್ತೆಯ ತಪ್ಪು, ಈ ನಾಲ್ಕೇ ಕಾರಣ. ತಪ್ಪು ನನ್ನದೇ ಅಂತ ಒತ್ತಲು ಹೋದೆ. ಮೇಲ್ವಿಚಾರಕಿಯವರನ್ನು ಕೇಳಿದರೆ, ‘ಹುಚ್ಚಿ ಏನ ನೀ? ನೌಕರಿ ಹೋಗತೈತಿ. ಬೆಳಗಾವಿ ಆಫೀಸಿನವರ್ನ ಕೇಳದ ಒತ್ತಬ್ಯಾಡ’ ಅಂದರು. ಆಫೀಸಿನವರು ಅಂದರೆ ನನಗೆ ನೀನೇ.

ಒತ್ತಲೇ?

ಸತ್ಯವ್ವ


ಶಿವಬಸವ ನಗರ
11 ಜನವರಿ 2025

ಸತ್ಯಾ,

ಒತ್ತಬೇಡ. ಮೌಲ್ಯಮಾಪನ ಜನವರಿ ಮೂವತ್ತೊಂದಕ್ಕೆ ಮುಗಿಯುತ್ತದೆ. ಈಗ ನೀನು ಒತ್ತಿದರೆ ನಿನಗೆ ನೋಟೀಸು, ಮೇಲ್ವಿಚಾರಕಿಗೆ ನೋಟೀಸು, ಡಿಸೆಂಬರಿನ ಪಟ್ಟಿಗೆ ಸಹಿ ಹಾಕಿದ ನನಗೂ ನೋಟೀಸು. ಕರಿಕಟ್ಟಿ ಈಗ ಇಪ್ಪತ್ತಾರನೇ ಸ್ಥಾನದಲ್ಲಿದೆ. ಸಾಹೇಬರು ಸಭೆಯಲ್ಲಿ ನಿನ್ನ ಕೇಂದ್ರದ ಹೆಸರು ಎತ್ತಿ, ‘ಕಾಡಿನ ಅಂಚಿನ ವಾಡೆಯಿಂದ ಇದು ಸಾಧ್ಯವಾದರೆ ಉಳಿದವರಿಗೇನು ಧಾಡಿ’ ಅಂದಿದ್ದಾರೆ.

ಈ ತಿಂಗಳೂ ಒಂಬತ್ತು ನಾನೂರನ್ನೇ ಬರಿ. ಫೆಬ್ರವರಿ ಒಂದಕ್ಕೆ ನಾನೇ ತಿದ್ದುಪಡಿಗೆ ಬಾಗಿಲು ತೆಗೆದುಕೊಡುತ್ತೇನೆ. ಆಗ ಕೆಂಪು ಚೀಟಿಯೂ ಬರುತ್ತದೆ, ಯಾರಿಗೂ ತೊಂದರೆಯೂ ಇಲ್ಲ. ಇಪ್ಪತ್ತು ದಿನದ ಮಾತು. ಅಲ್ಲಿಯವರೆಗೆ ಎರಡೆರಡು ಮೊಟ್ಟೆ ಕೊಡು, ಹಾಲು ಕೊಡು. ಮಕ್ಕಳಿಗೆ ಇಪ್ಪತ್ತು ದಿನದಲ್ಲಿ ಏನೂ ಆಗುವುದಿಲ್ಲ.

ಇದನ್ನು ಓದಿ ಹರಿದುಹಾಕು.

ಜಿ.


ಕರಿಕಟ್ಟಿ
2 ಫೆಬ್ರವರಿ 2025

ಜಿನಮತಿ,

ಪೂರ್ಣಿಮಾ ಜನವರಿ ಇಪ್ಪತ್ತೊಂಬತ್ತಕ್ಕೆ ಹೋದಳು.

ಇಪ್ಪತ್ತೈದಕ್ಕೆ ಕೆಮ್ಮು ಹತ್ತಿತು. ಇಪ್ಪತ್ತೇಳಕ್ಕೆ ನಾನೂ ಕಾಡವ್ವನೂ ಅವಳನ್ನು ದವಾಖಾನೆಗೆ ಒಯ್ದೆವು. ಈ ಮಗುವನ್ನು ವಾರ್ಡಿಗೆ ಸೇರಿಸಿಕೊಳ್ಳಿರಿ, ಇದು ಕೆಂಪು ಮಗು ಅಂದೆ. ನರ್ಸು ತಮ್ಮ ಫೋನಿನಲ್ಲಿ ಹೆಸರು ಹೊಡೆದು ನೋಡಿ, ‘ಹಸರ ಐತಲ್ರಿ ಅಕ್ಕಾರ. ನೀವ ಬರದೀರಿ, ನೀವ ಕೆಂಪ ಅಂತೀರಿ’ ಅಂದರು. ತಪ್ಪಾಗಿ ಬರೆದಿದ್ದೇನೆ, ನೀವೇ ತೂಗಿ ನೋಡಿರಿ ಅಂದರೆ, ಚೀಟಿ ಇಲ್ಲದೆ ತೂಗಿ ಏನು ಮಾಡುವುದು ಅಂದರು. ಹಾಸಿಗೆ ಆರೇ ಇದ್ದವು, ಆರಕ್ಕೂ ಕೆಂಪು ಚೀಟಿಯ ಮಕ್ಕಳು. ಅವರದೇನೂ ತಪ್ಪಿಲ್ಲ. ಕೆಮ್ಮಿನ ಔಷಧ ಕೊಟ್ಟರು. ಬಸ್ಸಿನಲ್ಲಿ ಹೊಳ್ಳಿ ಬಂದೆವು.

ಇಪ್ಪತ್ತೊಂಬತ್ತರ ಬೆಳಿಗ್ಗೆ ಉಸಿರು ಎಳೆಯತೊಡಗಿದಳು. ಸ್ಟೇಷನ್ನಿನ ತನಕ ಓಡಿದೆವು. ಗಾಡಿ ಬರಲು ಇನ್ನೂ ಹೊತ್ತಿತ್ತು. ಕಟ್ಟೆಯ ಮೇಲೆ, ನಾನು ದಿನಾ ಸಂಜೆ ಕೂತು ಅಂಕಿ ಕಳಿಸುವ ಜಾಗದಲ್ಲಿಯೇ, ಕಾಡವ್ವನ ತೊಡೆಯ ಮೇಲೆ ಸುಮ್ಮನಾದಳು.

ಕಾಡವ್ವ ಅಳಲಿಲ್ಲ. ‘ಕೊಕ್ಕಿ ಬ್ಯಾಡ ಅಂದ್ನಿ. ಕೊಕ್ಕಿ ಇಲ್ಲದ ತೂಗಿದ್ರೂ ತೂಗಿಧಂಗ ಅಲ್ಲೇನ ಸತ್ಯವ್ವಾ?’ ಅಂದಳು. ಅಷ್ಟೇ.

ನಿನ್ನೆ ಫೆಬ್ರವರಿ ಒಂದು. ತಿದ್ದುಪಡಿಯ ಬಾಗಿಲು ತೆಗೆದೆಯಾ?

ಸತ್ಯವ್ವ


ಶಿವಬಸವ ನಗರ
14 ಫೆಬ್ರವರಿ 2025

ಸತ್ಯಾ,

ನಾಲ್ಕು ಸಲ ಬರೆದು ಹರಿದೆ. ಏನು ಬರೆದರೂ ಕಚೇರಿಯ ಕಾಗದದಂತೆ ಕಾಣುತ್ತಿತ್ತು.

ಬಾಗಿಲು ತೆಗೆದಿದ್ದೆ. ಬೆಳಿಗ್ಗೆ ಹತ್ತಕ್ಕೇ ತೆಗೆದೆ, ನಿನ್ನ ಪತ್ರ ಬರುವ ಮೊದಲೇ. ಅವಳ ಹೆಸರು ಹೊಡೆದರೆ ಮರಣದ ದಾಖಲೆ ಬಂದು ಖಾತೆ ಮುಚ್ಚಿಹೋಗಿತ್ತು. ಮುಚ್ಚಿದ ಖಾತೆಯನ್ನು ನಮಗೆ ತಿದ್ದಲು ಬರುವುದಿಲ್ಲ. ಅದರಲ್ಲಿ ಬರೆದದ್ದು ಇಷ್ಟು: ಕಾರಣ, ಜ್ವರ. ಕೊನೆಯ ತೂಕ, ಒಂಬತ್ತು ಕಿಲೋ ನಾನೂರು. ಪೌಷ್ಟಿಕತೆ, ಸಾಮಾನ್ಯ. ನಾನು ಆ ಪರದೆಯ ಮುಂದೆ ಕೂತಿದ್ದೆ, ಪಕ್ಕದವರು ‘ಚಹಾ ಆರಾಕತ್ತೈತಿ, ಮೇಡಂ’ ಅಂದರು.

ಮಗು ಸತ್ತಲ್ಲಿ ವಿಚಾರಣೆ ಮಾಡುವುದು ಪದ್ಧತಿ. ಮಾರ್ಚಿನಲ್ಲಿ ಒಬ್ಬ ಅಧಿಕಾರಿ ಬರುತ್ತಾರೆ. ಏನು ಹೇಳಬೇಕು ಅನ್ನುವುದನ್ನು ನೀನು ಯೋಚಿಸಿ ಹೇಳು.

ನನ್ನ ಮೇಲೆ ನಿನಗೆ ಸಿಟ್ಟಿದ್ದರೆ ಬರಿ. ಬರೆಯದೆ ಇರಬೇಡ.

ಜಿನಮತಿ


ಕರಿಕಟ್ಟಿ
10 ಮಾರ್ಚ್ 2025

ಜಿನಮತಿ,

ಅಧಿಕಾರಿ ಬಂದು ಹೋದರು. ಒಳ್ಳೆಯ ಮನುಷ್ಯ. ಶೂ ಕಳಚಿ ಒಳಗೆ ಬಂದರು, ಕಾಡವ್ವನಿಗೆ ಕೈ ಮುಗಿದರು. ನಾನು ಎಲ್ಲವನ್ನೂ ಹೇಳಿದೆ. ಕಂಬಳಿಯನ್ನು ತಂದು ಅವರ ಎದುರಿಗೇ ತೂಗಿ ತೋರಿಸಿದೆ. ಅವರು ತಮ್ಮ ಫೋನಿನಲ್ಲಿ ಖಾತೆ ತೆಗೆದು ನೋಡಿ, ‘ನಿಮ್ಮ ದುಃಖ ನನಗ ತಿಳೀತೈತ್ರಿ. ಆದ್ರ ಡಿಸೆಂಬರಿನಾಗೂ ನೀವ ಒಂಬತ್ತು ನಾಕನೂರು ಬರದೀರಿ, ಜನವರಿಯಾಗೂ ಅದನ್ನ ಬರದೀರಿ. ಎಂಟ ಕಿಲೋ ಅಂತ ಎಲ್ಲೈತಿ ತೋರಸ್ರಿ’ ಅಂದರು.

ನಾನು ಕಣ್ಣಾರೆ ನೋಡಿದ್ದೇನೆ ಅಂದೆ. ‘ಕಣ್ಣ ನೋಡಿದ್ದು ಹೆಂಗ ಬರಕೊಳ್ಲಿರಿ?’ ಅಂದರು. ಕಾಡವ್ವ ತನ್ನ ಹೆಬ್ಬೆರಳೂ ತೋರುಬೆರಳೂ ಕೂಡಿಸಿ ಬಳೆಯಂತೆ ಮಾಡಿ, ‘ಕೂಸಿನ ರಟ್ಟಿ ಇಷ್ಟ ಇತ್ತರಿ ಸಾಹೇಬ್ರ’ ಅಂದಳು. ಅವರು ಅದನ್ನೂ ಬರೆದುಕೊಳ್ಳಲಿಲ್ಲ.

ಜನವರಿ ನಾಲ್ಕರ ನನ್ನ ಪತ್ರ ನಿನ್ನ ಹತ್ತಿರ ಇದೆ. ಎಂಟು ಕಿಲೋ ಅಂತ ಈ ಭೂಮಿಯ ಮೇಲೆ ಬರೆದಿರುವುದು ಅದೊಂದರಲ್ಲೇ. ಲಕೋಟೆಯ ಮೇಲೆ ಗುಂಜಿ ಅಂಚೆಯ ಮುದ್ರೆ ಇದೆ, ತಾರೀಖು ಇದೆ. ಮಗು ಸಾಯುವ ಮೊದಲಿನದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅದನ್ನು ನಿಮ್ಮ ಸಾಹೇಬರ ಕೈಗೆ ಕೊಡು. ನನ್ನ ನೌಕರಿ ಹೋಗಲಿ, ಹೋಗಬೇಕಾದದ್ದೇ. ಮಾಡಿದ್ದುಣ್ಣೋ ಮಹಾರಾಯ.

ನಿನ್ನ ಜನವರಿಯ ಪತ್ರವನ್ನು ನೀನು ಹೇಳಿದಂತೆ ಹರಿದಿದ್ದೇನೆ. ಅದರ ಚಿಂತೆ ನಿನಗೆ ಬೇಡ. ನಾನು ನಿನ್ನ ಹೆಸರು ಯಾರ ಮುಂದೆಯೂ ಎತ್ತಿಲ್ಲ, ಎತ್ತುವುದೂ ಇಲ್ಲ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಸುತ್ತಲಿನ ನಾಲ್ಕು ಕೇಂದ್ರದ ಅಕ್ಕಂದಿರು ನನ್ನ ಹತ್ತಿರ ಅತ್ತಿದ್ದಾರೆ. ಅವರೂ ಹೀಗೆಯೇ ಹಸಿರು ಬಳಿದವರು. ಒಂದು ಹಸಿರು ಸುಳ್ಳು ಅಂತ ಗೊತ್ತಾದರೆ ಎಲ್ಲ ಮಕ್ಕಳನ್ನೂ ಹೊಸದಾಗಿ ತೂಗುತ್ತಾರೆ. ಮಳೆಗಾಲದೊಳಗೆ ಆಗಬೇಕು. ಮಳೆ ಹಿಡಿದರೆ ಈ ಕಡೆ ಯಾರೂ ಬರುವುದಿಲ್ಲ.

ಲಕ್ಷ್ಮೀ ಗಂಡು ಹಡೆದಳು, ಫೆಬ್ರವರಿ ಹದಿನೆಂಟಕ್ಕೆ. ಇನ್ನೂ ಹೆಸರಿಟ್ಟಿಲ್ಲ.

ಸತ್ಯವ್ವ


ಶಿವಬಸವ ನಗರ
2 ಏಪ್ರಿಲ್ 2025

ಸತ್ಯಾ,

ನಿನ್ನ ಜನವರಿಯ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಆರು ದಿನ ಕಚೇರಿಗೆ ಹೋದೆ. ಏಳನೆಯ ದಿನ ಸಾಹೇಬರ ಕೋಣೆಯ ಒಳಗೂ ಹೋದೆ. ‘ಬರ್ರಿ ಜಿನಮತಿ ಬಾಯಾರ, ಕುಂದರ್ರಿ’ ಅಂದರು. ಗೋಡೆಯ ಮೇಲೆ ದೊಡ್ಡ ನಕ್ಷೆ, ನಿಮ್ಮ ತಾಲ್ಲೂಕು ಕಾಡಿಗಿಂತ ಹಸಿರಾಗಿತ್ತು. ‘ಅಪೌಷ್ಟಿಕತೆಯಿಂದ ಒಂದೂ ಸಾವಿಲ್ಲ. ಇದು ನಿಮ್ಮ ಪಟ್ಟಿಯ ಪುಣ್ಯಾರಿ’ ಅಂದರು. ನನ್ನ ಕೈ ಚೀಲದಲ್ಲೇ ಇತ್ತು, ಪತ್ರ ಬೆರಳಿಗೆ ತಾಗುತ್ತಿತ್ತು. ರಜೆಯ ಅರ್ಜಿಗೆ ಸಹಿ ಹಾಕಿಸಿಕೊಂಡು ಹೊರಗೆ ಬಂದೆ.

ಹೆದರಿಕೆ, ಸತ್ಯಾ. ಬೇರೆ ಯಾವ ಒಳ್ಳೆಯ ಹೆಸರೂ ಅದಕ್ಕಿಲ್ಲ. ಆ ಪತ್ರ ಕೊಟ್ಟರೆ ‘ನಿಮಗೆ ಬರೆದದ್ದು, ನೀವು ಏನು ಉತ್ತರಿಸಿದಿರಿ’ ಅಂತ ಕೇಳುತ್ತಾರೆ. ನೀನು ಹರಿದಿರಬಹುದು. ನಾನು ಬರೆದ ಒಂದೊಂದು ಅಕ್ಷರವೂ ನನಗೆ ಬಾಯಿಪಾಠವಾಗಿದೆ. ಮಕ್ಕಳಿಗೆ ಇಪ್ಪತ್ತು ದಿನದಲ್ಲಿ ಏನೂ ಆಗುವುದಿಲ್ಲ ಅಂತ ಬರೆದವಳು ನಾನು. ನನ್ನ ಮನೆಯಲ್ಲಿ ಎರಡು ದಿನ ಉಣ್ಣದ ಮಗಳನ್ನು ನೋಡಿ ಗಾಬರಿಯಾಗಿದ್ದವಳು ನಾನೇ.

ಸಮೃದ್ಧಿ ಹನ್ನೆರಡನೇ ಸ್ಥಾನಕ್ಕೆ ಏರಿದಳು. ನಿನ್ನೆ ಬಾಹುಬಲಿಯವರು ಕುಂದಾ ತಂದು ಓಣಿಗೆಲ್ಲ ಹಂಚಿದರು. ನನ್ನ ಪಾಲನ್ನು ಡಬ್ಬಿಯಲ್ಲೇ ಬಿಟ್ಟೆ.

ನಿನ್ನ ಪತ್ರವನ್ನು ಇದರೊಂದಿಗೆ ಮರಳಿ ಕಳಿಸಿದ್ದೇನೆ. ನೀನೇ ಕೊಡಬಹುದು. ಮುದ್ರೆಯಿದ್ದ ಲಕೋಟೆ ಮಾತ್ರ ನನ್ನ ಹತ್ತಿರ ಇಲ್ಲ. ಯಾಕಿಲ್ಲ ಎಂದು ಕೇಳಬೇಡ.

ಜಿನಮತಿ


ಕರಿಕಟ್ಟಿ
20 ಜೂನ್ 2025

ಜಿನಮತಿ,

ಇದು ಕೊನೆಯ ಪತ್ರ. ನಿನ್ನ ಏಪ್ರಿಲ್‌ ಪತ್ರಕ್ಕೆ ಉತ್ತರ ಬರೆಯಬಾರದು ಅಂತಲೇ ಇದ್ದೆ. ಆದರೆ ಇಲ್ಲಿ ಆಗುತ್ತಿರುವುದನ್ನು ನಾನೊಬ್ಬಳೇ ಹೊರಲಾರೆ, ನಿನಗೂ ಗೊತ್ತಿರಲಿ.

ಲಕೋಟೆ ಇಲ್ಲದ ಪತ್ರವನ್ನು ಆ ಅಧಿಕಾರಿಗೆ ಕಳಿಸಿದೆ. ಇದನ್ನು ಯಾವತ್ತು ಬರೆದದ್ದು ಎಂದು ಹೇಗೆ ನಂಬುವುದು ಅಂತ ಎರಡು ಸಾಲಿನ ಉತ್ತರ ಬಂತು. ವಿಚಾರಣೆ ಮುಗಿಯಿತು. ಮೇ ತಿಂಗಳಲ್ಲಿ ತಾಲ್ಲೂಕಿನ ಉತ್ತಮ ಕೇಂದ್ರ ಅಂತ ಕರಿಕಟ್ಟಿಗೆ ಪ್ರಶಸ್ತಿ ಪತ್ರ ಬಂತು. ಪಟ್ಟಿ ಮಾಡಿದವಳು ನೀನೇ ಇರಬೇಕು. ನನ್ನ ರಾಜೀನಾಮೆ ಒಪ್ಪಲಿಲ್ಲ. ಇಂಥ ಕೇಂದ್ರದವಳನ್ನು ಬಿಡಲು ಬರುವುದಿಲ್ಲವಂತೆ.

ಅಧಿಕಾರಿಯ ಎದುರು ಕಂಬಳಿ ತೂಗಿದ್ದು ಯಾಕೆ ಅಂತ ಕಾಡವ್ವನಿಗೆ ತಿಳಿದಿರಲಿಲ್ಲ, ಆಮೇಲೆ ಅವಳಿಗೆ ನಾನು ಬಿಡಿಸಿ ನಿಜ ಹೇಳಿದೆ. ತೂಗಿದ್ದರಿಂದ ಪೂರ್ಣಿಮಾ ಸತ್ತದ್ದಲ್ಲ, ತಪ್ಪು ತೂಗಿದ್ದರಿಂದ, ತಪ್ಪು ಅಂತ ತಿಳಿದ ಮೇಲೂ ನಾನು ಬಾಯಿ ಮುಚ್ಚಿದ್ದರಿಂದ ಅಂತ ಹೇಳಿದೆ. ಬಯ್ಯಲಿ, ಮುಖಕ್ಕೆ ಉಗುಳಲಿ ಅಂತಲೇ ಹೋಗಿದ್ದೆ. ಅವಳು ಕಂಬಳಿಯನ್ನು ತೊಡೆಯ ಮೇಲೆ ಎಳೆದುಕೊಂಡು, ‘ಹಂಗಾರ ಕಂಬಳಿ ತಗೀದ ನಿಂತಾಕಿ ನಾನ ಅಲ್ಲಾ?’ ಅಂದಳು. ನಿನ್ನದಲ್ಲ, ನನ್ನ ತಪ್ಪು ಅಂತ ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ.

ಮರುದಿನದಿಂದ ಶುರುವಾಯಿತು. ನಾನು ಬಾಗಿಲು ತೆಗೆಯುವ ಮೊದಲೇ ಲಕ್ಷ್ಮೀಯ ಕೂಸನ್ನು ಎತ್ತಿಕೊಂಡು ಬಂದು ನಿಂತಿರುತ್ತಾಳೆ. ಕೊಕ್ಕೆಯ ತಕ್ಕಡಿಯನ್ನೇ ಕಟ್ಟು ಅನ್ನುತ್ತಾಳೆ. ಈ ಮಳೆಯಲ್ಲಿ, ಈ ಥಂಡಿಯಲ್ಲಿ ಕೂಸಿನ ಅಂಗಿ, ಟೊಪ್ಪಿಗೆ ತೆಗೆಯುತ್ತಾಳೆ. ಉಡದಾರವನ್ನೂ ಬಿಚ್ಚುತ್ತಾಳೆ. ಬೇಡ ಅಂದರೆ ‘ಅದರದೂ ಭಾರ ಇರತೈತಿ’ ಅನ್ನುತ್ತಾಳೆ. ತಿಂಗಳಿಗೊಮ್ಮೆ ಸಾಕು ಅಂದೆ, ವಾರಕ್ಕೊಮ್ಮೆ ಅಂದೆ. ಕೇಳುವುದಿಲ್ಲ. ಲಕ್ಷ್ಮೀ ಅತ್ತು ಕಾಲು ಹಿಡಿದಳು, ಅದಕ್ಕೂ ಕೇಳಲಿಲ್ಲ. ನಾನು ತೂಗದಿದ್ದರೆ ಕೇಂದ್ರದ ಕಟ್ಟೆಯ ಮೇಲೆ ಮಳೆಯಲ್ಲೇ ಕೂಸನ್ನು ಹಿಡಿದುಕೊಂಡು ಕೂರುತ್ತಾಳೆ. ಅದಕ್ಕೆ ತೂಗುತ್ತೇನೆ.

ಕೂಸಿಗೆ ನಾಲ್ಕು ತಿಂಗಳು. ಮೇ ತಿಂಗಳಿನಲ್ಲಿ ಚೆನ್ನಾಗಿ ಮೈ ತುಂಬಿಕೊಂಡಿತ್ತು. ಹದಿನೈದು ದಿನದಿಂದ ನೆಗಡಿ ಬಿಟ್ಟಿಲ್ಲ.

ಇವತ್ತು ಬೆಳಿಗ್ಗೆಯೂ ಬಂದಳು. ಕೊಕ್ಕೆಗೆ ಜೋಲಿ ಹಾಕಿ ತೂಗಿದೆ. ‘ಎಷ್ಟೈತಿ?’ ಅಂದಳು. ‘ಆರ ಕಿಲೋ ನೂರು, ಕಾಡವ್ವಾ. ಛಲೋ ಐತಿ’ ಅಂದೆ. ಓದಲು ಬಾರದವಳು ಯಂತ್ರದ ಮುಳ್ಳನ್ನು ನೋಡುವುದಿಲ್ಲ, ನನ್ನ ಮುಖವನ್ನು ನೋಡುತ್ತಾಳೆ.

‘ಖರೇ ಹೇಳ.’

‘ಖರೇನ ಹೇಳಾಕತ್ತೀನಿ, ಯವ್ವಾ.’

‘ಆವಾಗೂ ಹಿಂಗ ಅಂದಿದ್ದಿ. ಇನ್ನೊಮ್ಮೆ ತೂಗು.’

ಇನ್ನೊಮ್ಮೆ ತೂಗಿದೆ. ಮತ್ತೆ ಇನ್ನೊಮ್ಮೆ ಅಂದಳು. ಇವತ್ತು ಏಳು ಸಲ ತೂಗಿದೆ, ಏಳು ಸಲವೂ ಇದ್ದದ್ದನ್ನೇ ಹೇಳಿದೆ. ಮೊದಮೊದಲು ಕೂಸು ಜೋಲಿಯಲ್ಲಿ ಕಿರುಚಿ ಅಳುತ್ತಿತ್ತು. ಈಗ ಅಳುವುದನ್ನೂ ಬಿಟ್ಟಿದೆ.

ಸತ್ಯವ್ವ